ಅರ್ಜಿ ಹಾಕಲು ಕೊನೆಯ ದಿನ: ನಿನ್ನೆ

ಬೆಳಕು ಸೂರ್ಯನಿಂದ ಹೊರಟು ಭೂಮಿ ಮುಟ್ಟಲು ಎಂಟು ನಿಮಿಷ ಚಿಲ್ಲರೆ ಸಾಕು. ಫಿಸಿಕ್ಸ್ ವಿಭಾಗದ ‘ಈ ವಾರ ನಮ್ಮಲ್ಲಿ’ ಎಂಬ ಪ್ರಕಟಣೆ ಸಂಯೋಜಕರ ಟೇಬಲ್ಲಿನಿಂದ ಮುಖ್ಯಸ್ಥರ ಟೇಬಲ್ಲಿಗೆ ಹೋಗಲು ಎರಡು ದಿನ ಬೇಕು. ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಸೋಮವಾರ ಬೆಳಿಗ್ಗೆ ಬರಬೇಕಾದದ್ದು ಬುಧವಾರ ಸಂಜೆ ಬರುತ್ತದೆ. ಸೋಮವಾರದ ಉಪನ್ಯಾಸಕ್ಕೆ ಎಲ್ಲರೂ ತಪ್ಪದೆ ಬನ್ನಿ ಎಂಬ ಆತ್ಮೀಯ ಕರೆ ಅದರಲ್ಲಿರುತ್ತದೆ. ಕಾರ್ಯಾಗಾರಕ್ಕೆ ಹೆಸರು ಕೊಡಲು ಮಂಗಳವಾರವೇ ಕೊನೆ. ಸೀಟು ಕಡಿಮೆ ಇವೆ, ಬೇಗ ಮಾಡಿ ಅಂತಲೂ ಇರುತ್ತದೆ. ಇನ್ನೆಷ್ಟು ಬೇಗ ಮಾಡುವುದು? ಬೆಳಕಿಗಿಂತ ವೇಗವಾಗಿ ಹೋದರೆ ನಿನ್ನೆಗೆ ತಲುಪಬಹುದು ಅಂತ ಪಾಠ ಮಾಡುವವರೂ ಅವರೇ, ಹಾಗೆ ಹೋಗಲು ಯಾರಿಂದಲೂ ಆಗದು ಅನ್ನುವವರೂ ಅವರೇ.

ಕೊನೆಯ ದಿನ ಮುಗಿದ ಮೇಲೆ ಯಾರೂ ಅರ್ಜಿ ಹಾಕಿಲ್ಲ ಎಂಬ ಸಂಗತಿ ವಿಭಾಗದ ಗಮನಕ್ಕೆ ಬರುತ್ತದೆ. ವಿದ್ಯಾರ್ಥಿಗಳಿಗೆ ಆಸಕ್ತಿಯೇ ಇಲ್ಲ ಎಂದು ಸಭೆಯಲ್ಲಿ ಬೇಸರ ಪಡುತ್ತಾರೆ. ದೊಡ್ಡ ಮನಸ್ಸು ಮಾಡಿ ಮೂರು ದಿನ ವಿಸ್ತರಿಸುತ್ತಾರೆ. ವಿಸ್ತರಣೆಯ ಪ್ರಕಟಣೆಯೂ ಅದೇ ಗೋಡೆ ದಾಟಿ ಬರಬೇಕಲ್ಲ, ನಾಲ್ಕನೆಯ ದಿನ ಬರುತ್ತದೆ.

ಅಪ್ಪಿತಪ್ಪಿ ಸಮಯಕ್ಕೆ ಬಂದ ಒಂದು ಅವಕಾಶವನ್ನು ಓದಿ ನೋಡಿ. ‘ಮೊದಲ ವರ್ಷದವರಿಗೆ ಮಾತ್ರ, ಸಂಶೋಧನೆಯ ಮೊದಲ ಮೆಟ್ಟಿಲು’ ಎಂದು ತಲೆಬರಹ. ಕೆಳಗೆ ಅರ್ಹತೆ: ಎರಡು ಪ್ರೋಗ್ರಾಮಿಂಗ್ ಭಾಷೆ ಬರಬೇಕು, ಲ್ಯಾಬಿನಲ್ಲಿ ಕೆಲಸ ಮಾಡಿದ ಅನುಭವ ಬೇಕು, ಪ್ರಬಂಧ ಪ್ರಕಟವಾಗಿದ್ದರೆ ಆದ್ಯತೆ. ಅಂದರೆ ಮೊದಲ ಮೆಟ್ಟಿಲು ಹತ್ತಬೇಕಾದರೆ ಮೂರನೆಯ ಮೆಟ್ಟಿಲಿನಿಂದ ಇಳಿದು ಬರಬೇಕು. ಅನುಭವ ಸಿಗಲು ಈ ಕೆಲಸ ಬೇಕು, ಈ ಕೆಲಸ ಸಿಗಲು ಅನುಭವ ಬೇಕು. ಶಕ್ತಿ ಹಾಕದೆ ಸದಾ ತಿರುಗುವ ಯಂತ್ರ ಸಾಧ್ಯವೇ ಇಲ್ಲ ಎಂದು ಶಾಖ ಮತ್ತು ಶಕ್ತಿಯ ಶಾಸ್ತ್ರವಾದ ಥರ್ಮೋಡೈನಾಮಿಕ್ಸ್ ಹೇಳುತ್ತದೆ. ಈ ಚಕ್ರ ಮಾತ್ರ ಹೊರಗಿನಿಂದ ಒಂದು ಜೂಲ್ ಶಕ್ತಿ ಕೂಡ ಪಡೆಯದೆ ವರ್ಷಗಟ್ಟಲೆ ತಿರುಗುತ್ತಿದೆ. ಅದನ್ನೇ ಪ್ರಾಜೆಕ್ಟಿಗೆ ಕೊಟ್ಟರೆ ಯಾರಾದರೂ ಒಳ್ಳೆಯ ಪ್ರಬಂಧ ಬರೆಯಬಹುದು.

ಜೊತೆಗೆ, ‘ನಿಮ್ಮನ್ನು ಹತ್ತಿರದಿಂದ ಬಲ್ಲ’ ಇಬ್ಬರು ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕು. ಕಾಲೇಜಿಗೆ ಸೇರಿ ಎರಡು ತಿಂಗಳಾಗಿರುವ ಹುಡುಗನನ್ನು ಹತ್ತಿರದಿಂದ ಬಲ್ಲವರು ಹಾಸ್ಟೆಲ್ ರೂಮಿನವರು ಮಾತ್ರ. ಅವರು ಬರೆದರೆ ಇರುವ ಅವಕಾಶವೂ ಹೋಗುತ್ತದೆ. ಸಂಬಳದ ಜಾಗದಲ್ಲಿ ‘ಅನುಭವ’ ಎಂದು ಬರೆದಿರುತ್ತಾರೆ. ಬಾಡಿಗೆಯನ್ನು ಅನುಭವದಲ್ಲೇ ತೆಗೆದುಕೊಳ್ಳುವ ಮನೆ ಮಾಲೀಕರ ಪಟ್ಟಿಯನ್ನೂ ಅದರ ಕೆಳಗೆ ಹಾಕಿದ್ದರೆ ಅನುಕೂಲವಾಗುತ್ತಿತ್ತು.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಅವರ ಲ್ಯಾಬಿನಲ್ಲಿ ಅರ್ನೆಸ್ಟ್ ಮಾರ್ಸ್‌ಡನ್ ಎಂಬ ವಿದ್ಯಾರ್ಥಿ ಇದ್ದರು. ಇನ್ನೂ ಪದವಿ ಮುಗಿದಿರಲಿಲ್ಲ. ಚಿನ್ನದಂಥ ಲೋಹದ ಹಾಳೆಗೆ ಬಡಿದ ಆಲ್ಫಾ ಕಣ (ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಕಣ) ಯಾವುದಾದರೂ ಹಿಂದಕ್ಕೆ ಪುಟಿಯುತ್ತದಾ, ನೋಡು ಎಂದು ಅವರಿಗೆ ಕೆಲಸ ಕೊಟ್ಟರು. ಅದೇ ಲ್ಯಾಬಿನ ವಿಜ್ಞಾನಿ ಗೈಗರ್ ಜೊತೆ ಕತ್ತಲೆಯಲ್ಲಿ ಕೂತು ಮೈಕ್ರೋಸ್ಕೋಪಿನಲ್ಲಿ ಮಿಣುಕುಗಳನ್ನು ಎಣಿಸುವುದು. ಪುಟಿದವು. 1911ರಲ್ಲಿ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಪುಟ್ಟ ತಿರುಳಿದೆ ಎಂಬ ವಿವರಣೆ ಬಂದದ್ದು ಆ ಎಣಿಕೆಯ ಮೇಲೆ. ಅದೇ ಮಾರ್ಸ್‌ಡನ್ ಇವತ್ತು ಅರ್ಜಿ ಹಾಕಿದ್ದರೆ? ಆಲ್ಫಾ ಕಣಗಳ ಬಗ್ಗೆ ಹಿಂದಿನ ಅನುಭವ: ಇಲ್ಲ. ಪ್ರಕಟವಾದ ಪ್ರಬಂಧ: ಇಲ್ಲ. ಸಂದರ್ಶನದಲ್ಲಿ ‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ನೋಡುತ್ತೀರಿ’ ಎಂದು ಕೇಳಿದರೆ ‘ಕತ್ತಲೆಯಲ್ಲಿ’ ಅನ್ನುತ್ತಿದ್ದರೇನೋ. ಒಂದು ವೇಳೆ ಆಯ್ಕೆಯಾದರೂ ಚಿನ್ನದ ಹಾಳೆಗೆ ಮೂರು ಕೊಟೇಶನ್ ತರಿಸಬೇಕು. ಅಷ್ಟರಲ್ಲಿ ಅವರ ಪದವಿ ಮುಗಿದು, ‘ಈಗ ನೀವು ನಮ್ಮ ವಿದ್ಯಾರ್ಥಿ ಅಲ್ಲ’ ಎಂಬ ಪತ್ರ ಬರುತ್ತಿತ್ತು.

ಆಯ್ಕೆಯಾದವರ ಪಾಡೂ ಅಷ್ಟೆ. 1967ರಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ರೇಡಿಯೋ ಟೆಲಿಸ್ಕೋಪಿನಿಂದ ಬಂದ ಮೀಟರುಗಟ್ಟಲೆ ಚಾರ್ಟ್ ಕಾಗದವನ್ನು ಕಣ್ಣಿಟ್ಟು ನೋಡಿ, ಲಯ ತಪ್ಪದೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರವಾದ ಪಲ್ಸಾರಿನ ಗುರುತು ಹಿಡಿದರು. ಆ ಟೆಲಿಸ್ಕೋಪ್ ಕಟ್ಟುವಾಗ ದೊಡ್ಡ ಸುತ್ತಿಗೆ ಬೀಸಿದವರಲ್ಲೂ ಆಕೆ ಇದ್ದರು. 1974ರ ನೊಬೆಲ್ ಅವರ ಮಾರ್ಗದರ್ಶಕರಿಗೆ ಮತ್ತು ಇನ್ನೊಬ್ಬ ಖಗೋಳವಿಜ್ಞಾನಿಗೆ ಹೋಯಿತು. ಇಂದಿನ ಪ್ರಕಟಣೆಯಲ್ಲಾದರೆ ಇದು ‘ನಮ್ಮ ಹಿರಿಯರಿಗೆ ನೊಬೆಲ್, ಕಾಗದ ಮಡಚಿಟ್ಟ ವಿದ್ಯಾರ್ಥಿಗಳಿಗೂ ಧನ್ಯವಾದ’ ಎಂದು ಬರುತ್ತಿತ್ತು. 2018ರಲ್ಲಿ ಆಕೆಗೆ 30 ಲಕ್ಷ ಡಾಲರಿನ ಬಹುಮಾನ ಬಂದಾಗ ಅಷ್ಟನ್ನೂ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು. ಇಷ್ಟು ಸರಳವಾದ ಕೆಲಸ ಯಾವ ಸಮಿತಿಗೂ ಹೊಳೆದದ್ದು ನಾನು ಕಂಡಿಲ್ಲ. ಹೆಸರು ಹಾಕಲು ಜಾಗವಿಲ್ಲ ಅನ್ನುವ ಮಾತನ್ನಂತೂ ಫಿಸಿಕ್ಸ್‌ನವರು ಆಡಲೇಬಾರದು. 2015ರಲ್ಲಿ ಹಿಗ್ಸ್ ಎಂಬ ಮೂಲಕಣದ ತೂಕದ ಬಗ್ಗೆ ಬಂದ ಪ್ರಬಂಧಕ್ಕೆ ಐದು ಸಾವಿರಕ್ಕೂ ಜಾಸ್ತಿ ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. ನಮ್ಮ ವಿಭಾಗದಲ್ಲಿ ಬೇಸಿಗೆ ರಜೆಯೆಲ್ಲಾ ಡೇಟಾ ಶುಚಿ ಮಾಡಿದ ಹುಡುಗಿಗೆ ಮಾತ್ರ ಒಂದು ಸಾಲು ಸಿಗಲಿಲ್ಲ.

ವಾರದ ವಿಶೇಷ ಉಪನ್ಯಾಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಎಲ್ಲರಿಗೂ ಅರ್ಥವಾಗುವಂತೆ’ ಎಂದು ಕರೆದಿರುತ್ತಾರೆ. ಮೊದಲ ಸ್ಲೈಡಿನಲ್ಲಿರುವ ನಮಸ್ಕಾರ ಎಲ್ಲರಿಗೂ ಅರ್ಥವಾಗುತ್ತದೆ. ಹಾಲ್ ತುಂಬಿದೆ ಅನ್ನುವಾಗ ಫೋಟೋ ತೆಗೆಯುತ್ತಾರೆ. ಆಮೇಲೆ ಜನ ಕರಗುವುದು ವಿಕಿರಣಶೀಲ ವಸ್ತುವಿನ ನಿಯಮದ ಪ್ರಕಾರವೇ. ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗುವ ಕಾಲ, ಹಾಜರಿ ಪಟ್ಟಿ ಒಂದು ಸುತ್ತು ಬರುವಷ್ಟು ಹೊತ್ತು.

ಪ್ರಕಟಣೆಯ ಕೊನೆಯಲ್ಲಿ ಲ್ಯಾಬಿನ ಸುದ್ದಿ: ‘ಆಸಿಲೋಸ್ಕೋಪ್ ದುರಸ್ತಿಯಲ್ಲಿದೆ, ಶೀಘ್ರದಲ್ಲೇ ಲಭ್ಯ.’ ಸೀನಿಯರ್‌ಗಳು ಈ ಸಾಲನ್ನು ಬಾಯಿಪಾಠ ಹೇಳುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಶುರುಮಾಡಿದ ಪ್ರಯೋಗವೊಂದಿದೆ. ಕಲ್ಲಿನಂತೆ ಕಾಣುವ ಕಪ್ಪು ರಾಳವೂ ಹರಿಯುತ್ತದೆ ಎಂದು ತೋರಿಸಲು ಅದನ್ನು ಆಲಿಕೆಯಲ್ಲಿ ಇಟ್ಟಿದ್ದಾರೆ. 2014ರಲ್ಲಿ ಬಿದ್ದದ್ದು ಒಂಬತ್ತನೆಯ ತೊಟ್ಟು. 2000ದ ತೊಟ್ಟು ಬೀಳುವಾಗ ಕ್ಯಾಮೆರಾ ಕೈಕೊಟ್ಟಿತ್ತು. ಅವರು ಕಾದರು, ಕಾಯುತ್ತಿದ್ದೇವೆ ಎಂದು ಒಪ್ಪಿಕೊಂಡೂ ಕಾದರು. ‘ಶೀಘ್ರದಲ್ಲೇ’ ಎಂದು ಬೋರ್ಡು ಹಾಕಲಿಲ್ಲ.

ಹಾಗಾದರೆ ಯಾರೂ ಹಿಡಿಯಲಾಗದ ಅವಕಾಶಗಳನ್ನು ವಾರವಾರವೂ ಪ್ರಕಟಿಸುವುದೇಕೆ? ಸುಮ್ನೆ ಅಲ್ಲ. ವರ್ಷದ ಕೊನೆಗೆ ವರದಿ ಕೊಡಬೇಕು. ‘ವಿದ್ಯಾರ್ಥಿಗಳಿಗೆ ಒದಗಿಸಿದ ಅವಕಾಶಗಳು’ ಎಂಬ ಕಾಲಂ ಅದರಲ್ಲಿದೆ. ‘ಅದರಲ್ಲಿ ಎಷ್ಟು ಜನ ಸೇರಿದರು’ ಎಂಬ ಕಾಲಂ ಇಲ್ಲ. ಪ್ರಕಟಿಸಿದರೆ ಒಂದು, ನೆನಪಿಸಿದರೆ ಇನ್ನೊಂದು, ದಿನ ವಿಸ್ತರಿಸಿದರೆ ಮತ್ತೊಂದು. ಒಬ್ಬರೂ ಸೇರದ ಒಂದು ಕಾರ್ಯಾಗಾರ ಹೀಗೆ ಮೂರು ಅವಕಾಶವಾಗುತ್ತದೆ. ಪೆಂಡುಲಮ್ ಪ್ರಯೋಗದಲ್ಲಿ ಉತ್ತರದ ಮುಂದೆ ± ಹಾಕಿ ಎಷ್ಟು ತಪ್ಪಿರಬಹುದು ಅಂತ ಬರೆಯದಿದ್ದರೆ ವಿದ್ಯಾರ್ಥಿಯ ಅಂಕ ಹೋಗುತ್ತದೆ. ಅಂಕ ಕತ್ತರಿಸಿದ ಅದೇ ಪೆನ್ನು ವರದಿಯಲ್ಲಿ ಅವಕಾಶಗಳ ಸಂಖ್ಯೆ ಬರೆಯುವಾಗ ± ಗುರುತನ್ನೇ ಮರೆತಿರುತ್ತದೆ.

ಪ್ರಕಟಣೆ ಟೈಪ್ ಮಾಡುವವರನ್ನು ನಾನು ಬಯ್ಯುವುದಿಲ್ಲ. ಅವರಿಗೆ ವಿಷಯ ಸಿಗುವುದೇ ಕೊನೆಯಲ್ಲಿ. ರಜೆಯ ದಿನವೂ ಲ್ಯಾಬಿನ ಬೀಗ ತೆಗೆದು, ಇಬ್ಬರು ಹುಡುಗರ ಪಕ್ಕ ನಿಂತು ಲೇಸರ್ ಜೋಡಿಸಿಕೊಡುವ ಮೇಷ್ಟ್ರೂ ಇದೇ ವಿಭಾಗದಲ್ಲಿದ್ದಾರೆ. ಅದು ಯಾವ ವಾರದ ಪ್ರಕಟಣೆಯಲ್ಲೂ ಬರುವುದಿಲ್ಲ. ಫಾರ್ಮಿಲ್ಲ, ಫೋಟೋ ಇಲ್ಲ, ಹಾಗಾಗಿ ಅದು ನಡೆದೇ ಇಲ್ಲ ಅಲ್ವಾ?

ಈಗ ವಿದ್ಯಾರ್ಥಿಗಳ ದೂರು ಮೇಲಿನವರೆಗೂ ಮುಟ್ಟಿದೆಯಂತೆ. ಮಾಹಿತಿ ಯಾಕೆ ತಡವಾಗುತ್ತಿದೆ ಎಂದು ಪರಿಶೀಲಿಸಲು ಸಮಿತಿ ಮಾಡಿದ್ದಾರೆ. ಅದರಲ್ಲಿ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳಿಗೆ ಜಾಗ. ಹಿಂದೆ ಇಂಥ ಸಮಿತಿಯಲ್ಲಿ ಕೆಲಸ ಮಾಡಿದ ಅನುಭವ ಇರಬೇಕು, ಎರಡು ಶಿಫಾರಸು ಪತ್ರ ಬೇಕು. ಪ್ರಕಟಣೆ ಮುಖ್ಯಸ್ಥರ ಸಹಿಗೆ ಹೋಗಿದೆ. ಅವರು ಸಮ್ಮೇಳನದಲ್ಲಿದ್ದಾರೆ. ವರದಿಯ ಕಾಲಂನಲ್ಲಿ ಮಾತ್ರ ಎರಡು ಅವಕಾಶ ಆಗಲೇ ಸೇರಿಕೊಂಡಿವೆ.