ನೀರಿಗೆ ಕೇಸು, ಚೆಕ್ಕಿಗೆ ಚಪ್ಪಾಳೆ

2000ದಲ್ಲಿ ಅಮೆರಿಕದ ಅಧ್ಯಕ್ಷ ಗಾದಿ ಫ್ಲಾರಿಡಾದ 537 ಮತಗಳ ಮೇಲೆ ನಿಂತಿತ್ತು. 2020ರಲ್ಲಿ ಜಾರ್ಜಿಯಾ ಬೈಡನ್‌ಗೆ ಒಲಿದದ್ದು 11,779 ಮತಗಳಿಂದ, ಅದೂ ಹತ್ತಿರಹತ್ತಿರ 50 ಲಕ್ಷ ಮತ ಬಿದ್ದ ಕಡೆ. ಇಂಥ ಕೂದಲೆಳೆಯ ಲೆಕ್ಕಾಚಾರದಲ್ಲಿ, ಪಟ್ಟಿಗೆ ಹೆಸರು ಸೇರಿಸಿ ಜನರನ್ನು ಮತಗಟ್ಟೆಗೆ ಹೊರಡಿಸುವ ಕಾರ್ಯಕರ್ತರನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿತ್ತು. ಕಾನೂನು ಮಾತ್ರ ಅವರ ಕೈಗೆ ಬೇಡಿಯ ಅಳತೆ ತೆಗೆಯುತ್ತಿದೆ.

ನಮ್ಮಲ್ಲಾದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಹೆಸರು ಸೇರಿಸುವ ಫಾರಂ 6 ಹಿಡಿದು ಮನೆಗೇ ಬರುವುದುಂಟು. ಅಲ್ಲಿ ಆ ಕೆಲಸ ಬಹುಪಾಲು ಸ್ವಯಂಸೇವಕರ ತಲೆಗೆ. (ನಾರ್ತ್ ಡಕೋಟಾದಲ್ಲಿ ನೋಂದಣಿ ಎಂಬುದೇ ಇಲ್ಲ. ಆಕಾಶ ಕಳಚಿ ಬಿದ್ದ ವರದಿಯೂ ಇಲ್ಲ.)

ಟೆಕ್ಸಸ್ ನೋಡಿ. ಬೇರೆಯವರು ತುಂಬಿದ ನೋಂದಣಿ ಅರ್ಜಿ ಕೈಗೆ ತೆಗೆದುಕೊಳ್ಳಬೇಕಾದರೆ ಮೊದಲು ಕೌಂಟಿಯಿಂದ (ನಮ್ಮ ಜಿಲ್ಲೆಯಂಥದ್ದು) ಸ್ವಯಂಸೇವಕ ಉಪ ನೋಂದಣಾಧಿಕಾರಿ ಎಂಬ ನೇಮಕ ಪಡೆಯಬೇಕು. ಕೌಂಟಿಗಳು 254. ನೇಮಕ ಯಾವ ಕೌಂಟಿಯದೋ ಅಧಿಕಾರವೂ ಅಲ್ಲಿಗೇ. ಕನ್ನಡಿಗ ಐಟಿ ಮಂದಿ ನೆಲೆಸಿರುವ ಫ್ರಿಸ್ಕೋ ಊರು ಕಾಲಿನ್, ಡೆಂಟನ್ ಎರಡು ಕೌಂಟಿಗಳಲ್ಲಿ ಹರಡಿದೆ. ಕಾಲಿನ್ ನೇಮಕದವರು ಡೆಂಟನ್ ಕಡೆಯ ಅರ್ಜಿ ಮುಟ್ಟಿದರೆ ಮೈಲಿಗೆ. ಅರ್ಜಿ ಪಡೆದವರು ರಸೀದಿ ಕೊಡಬೇಕು, 5 ದಿನದೊಳಗೆ ಕಚೇರಿಗೆ ಮುಟ್ಟಿಸಬೇಕು. ತಡವಾದರೆ ಸಮಾಜಸೇವೆ ಅಪರಾಧವಾಗಿ ಬಡ್ತಿ ಪಡೆಯುತ್ತದೆ. ಸಮಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ನೇಮಕವೂ ಖಲಾಸ್, ಮತ್ತೆ ಅಆಇಈಯಿಂದ ಶುರು. ಇಷ್ಟೆಲ್ಲ ದಾಟಿ ಮತಗಟ್ಟೆ ತಲುಪಿದ ಹುಡುಗ ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ನಡೆಯುವುದಿಲ್ಲ, ಕೈಬಂದೂಕಿನ ಲೈಸೆನ್ಸ್ ತೋರಿಸಿದರೆ ನಡೆಯುತ್ತದೆ. ಪುಸ್ತಕ ಹಿಡಿದವರನ್ನು ಹೇಗೆ ನಂಬುವುದು ಹೇಳಿ?

ಬಾಗಿಲು ತಟ್ಟುವುದರ ಫಲವೇನೋ ಸಾಬೀತಾಗಿದೆ. 1998ರಲ್ಲಿ ಗರ್ಬರ್ ಮತ್ತು ಗ್ರೀನ್ ಎಂಬ ಸಂಶೋಧಕರು ನ್ಯೂ ಹೇವನ್‌ನಲ್ಲಿ ಪ್ರಯೋಗ ಮಾಡಿದಾಗ, ಎದುರು ನಿಂತು ಮಾತಾಡಿಸಿದವರಲ್ಲಿ ಮತದಾನ ಏರಿತು, ಬಾಡಿಗೆ ಫೋನ್ ಕರೆಗಳಿಂದ ಏನೂ ಗಿಟ್ಟಲಿಲ್ಲ. ಆದರೆ ಎದುರು ಸಿಗುವುದು ಯಾರು? ಬಾಗಿಲ ಗಂಟೆಯ ಕ್ಯಾಮೆರಾ. ಅದಕ್ಕೇ ಭಾಷಣ ಒಪ್ಪಿಸಿ, ಕರಪತ್ರವನ್ನು ಹಿಡಿಕೆಗೆ ಸಿಕ್ಕಿಸಿ ಬರಬೇಕು. ಅಂಚೆಪೆಟ್ಟಿಗೆಗೆ ಹಾಕಿದಿರೋ ಅದು ಬೇರೆಯೇ ಕೇಸು, ಅಂಚೆಚೀಟಿ ಹಚ್ಚದ ಕಾಗದಕ್ಕೆ ಆ ಡಬ್ಬಿಯೊಳಗೆ ಪ್ರವೇಶವಿಲ್ಲ.

ಇನ್ನು ಜಾರ್ಜಿಯಾ. 11,779ರ ಆಘಾತದ ಮರುವರ್ಷವೇ ಅಲ್ಲಿನ ಶಾಸಕರು ಮತಗಟ್ಟೆಯಿಂದ 150 ಅಡಿಯೊಳಗೆ, ಸಾಲಿನಲ್ಲಿ ನಿಂತ ಯಾರಿಂದಲೇ ಆಗಲಿ 25 ಅಡಿಯೊಳಗೆ, ಮತದಾರರಿಗೆ ಊಟ, ನೀರು ಕೊಡುವುದನ್ನು ಅಪರಾಧ ಮಾಡಿದರು. ಸಾಲು ಮುಂದೆ ಸರಿದಂತೆ ಅಪರಾಧದ ಗಡಿಯೂ ಸರಿಯುತ್ತಿತ್ತು, ಹಾಗಾಗಿ ನೀರಿನ ಜೊತೆ ಟೇಪೂ ಒಯ್ಯಬೇಕಿತ್ತು. 2023ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು 25 ಅಡಿಯ ಭಾಗಕ್ಕೆ ತಡೆ ಕೊಟ್ಟರು. 150 ಅಡಿಯೊಳಗಿನ ಬಾಯಾರಿಕೆಗೆ ಕಾನೂನಿನ ರಕ್ಷಣೆ ಮುಂದುವರಿಯಿತು.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುವುದು ನಮ್ಮ ಗಾದೆ. ಅಲ್ಲಿ ಆನೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಗುರುತು, ವಿನಾಯಿತಿ ಇದ್ದೀತು. ನೋಂದಣಿಗೆ, ಮತಕ್ಕೆ ದುಡ್ಡು ಕೊಡುವುದು ಫೆಡರಲ್ ಅಪರಾಧ. 2008ರಲ್ಲಿ ಮತ ಹಾಕಿದವರಿಗೆ ಬಿಟ್ಟಿ ಕಾಫಿ ಎಂದಿದ್ದ ಸ್ಟಾರ್‌ಬಕ್ಸ್ ಈ ಕಾನೂನಿಗೆ ಹೆದರಿ ಕೇಳಿದವರಿಗೆಲ್ಲ ಕಾಫಿ ಹೊಯ್ದಿತ್ತು. 2024ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಅವರ ಟ್ರಂಪ್ ಪರ ಸಮಿತಿ ದಿನಕ್ಕೊಬ್ಬರಿಗೆ 10 ಲಕ್ಷ ಡಾಲರ್ ಚೆಕ್ ಹಂಚತೊಡಗಿತು. ನೋಂದಣಿಗಲ್ಲ ಮಹಾಸ್ವಾಮಿ, ಮನವಿಪತ್ರಕ್ಕೆ ಹಾಕಿದ ಸಹಿಗೆ! ಸಹಿ ಹಾಕುವವರು ಯಾವ ಪಕ್ಷದ ಕಡೆಗೂ ವಾಲಬಹುದಾದ ಏಳು ತೂಗುಯ್ಯಾಲೆ ರಾಜ್ಯಗಳ ನೋಂದಾಯಿತ ಮತದಾರರಾಗಿರಬೇಕಿತ್ತು, ಅಷ್ಟೇ. ಕ್ಯಾಲಿಫೋರ್ನಿಯಾದವರ ಸಹಿಗೆ ಶಾಯಿಯ ಬೆಲೆಯೂ ಇರಲಿಲ್ಲ.

ಇದು ಅಕ್ರಮ ಲಾಟರಿ ಎಂದು ಫಿಲಡೆಲ್ಫಿಯಾದ ಜಿಲ್ಲಾ ಅಟಾರ್ನಿ ಕೋರ್ಟಿಗೆ ಹೋದರು. ಮಸ್ಕ್ ವೇದಿಕೆಯಲ್ಲಿ ಅದೃಷ್ಟಶಾಲಿಗಳ ಆಯ್ಕೆ ಅಂದಿದ್ದರು. ಅವರ ವಕೀಲರು ಕೋರ್ಟಿನಲ್ಲಿ, ಅದೃಷ್ಟದ ಮಾತೇ ಇಲ್ಲ, ಗೆಲ್ಲುವವರನ್ನು ನಾವೇ ಆರಿಸುತ್ತೇವೆ, ಅವರು ನಮ್ಮ ವಕ್ತಾರರು ಎಂದು ವಾದಿಸಿದರು. ಮತದಾನದ ಹಿಂದಿನ ದಿನ, ನವೆಂಬರ್ 4ರಂದು, ನ್ಯಾಯಾಧೀಶರು ತಡೆ ಕೊಡಲು ಒಪ್ಪಲಿಲ್ಲ. ಎಲ್ಲ ಮೊದಲೇ ಗೊತ್ತುಮಾಡಿದ್ದು ಎಂದು ಒಪ್ಪಿಕೊಂಡೇ ಬಚಾವಾದ ಲಾಟರಿ ಇದೊಂದೇ ಇರಬೇಕು.