ಕನಾರ್ಟಕದಿಂದ ಒಂದು ಅಜಿರ್

ಕೊನೆಯ ದಿನಾಂಕವನ್ನು ಮತ್ತೆ ಮುಂದೂಡಿದ್ದಾರೆ. ಕಾರಣ ನಿಮಗೆ ಗೊತ್ತಿರುವುದೇ: "ತಾಂತ್ರಿಕ ಕಾರಣಗಳಿಂದ". ಈ ತಾಂತ್ರಿಕ ಕಾರಣ ಅನ್ನುವವರು ಯಾವ ಊರಿನವರು, ಯಾವ ವೇತನ ಶ್ರೇಣಿಯಲ್ಲಿದ್ದಾರೆ ಅಂತ ಇವತ್ತಿನವರೆಗೆ ಯಾರಿಗೂ ಪತ್ತೆಯಾಗಿಲ್ಲ. ನನಗೆ ಮಾತ್ರ ಮುಖಪರಿಚಯ ಇದೆ. ಮೊನ್ನೆ ರಾತ್ರಿ 11.52ಕ್ಕೆ ಭೇಟಿಯಾಗಿದ್ದೆವು.

ಸಂಶೋಧನೆಗೆ ಅನುದಾನ ಕೇಳುವ ಆನ್‌ಲೈನ್ ಅರ್ಜಿ ಅದು. ನನ್ನದೇನೂ ಚಂದ್ರನ ಮೇಲೆ ಇಳಿಯುವ ಯೋಜನೆಯಲ್ಲ. ಹಳೇ ಮೈಸೂರು ಕಡೆಯ ಅಳತೆಯ ಮಾತುಗಳನ್ನು ಕೂಡಿಡಬೇಕು ಅಂತ ಆಸೆ. ಚಟಾಕು, ಪಾವು, ಸೇರು, ಕೊಳಗ, ಖಂಡುಗ. ಇವುಗಳಲ್ಲಿ ರಾಗಿ ಅಳೆದ ಕೈಗಳು ಇನ್ನೆಷ್ಟು ವರ್ಷ ಇರುತ್ತವೋ, ಅಷ್ಟರಲ್ಲಿ ಒಂದು ರೆಕಾರ್ಡರ್ ಹಿಡಿದುಕೊಂಡು ನಾಲ್ಕು ಹಳ್ಳಿ ತಿರುಗೋಣ ಅಂತ. ಬಸ್ ಚಾರ್ಜು, ಊಟ, ಒಬ್ಬ ಹುಡುಗನಿಗೆ ಸಂಬಳ, ಇಷ್ಟೇ ಬಜೆಟ್ಟು.

ಯೋಜನೆಯ ಪಿಡಿಎಫ್ 2 ಎಂಬಿ ಒಳಗಿರಬೇಕು ಅಂದರು. ನನ್ನ ಫೈಲು ನನ್ನ ಕಂಪ್ಯೂಟರಿನ ಲೆಕ್ಕದಲ್ಲಿ 1.95. ಪೋರ್ಟಲ್ಲಿನ ಲೆಕ್ಕದಲ್ಲಿ 2.04. "ಗಾತ್ರ ಮೀರಿದೆ" ಅಂತ ಕೆಂಪಕ್ಷರ. ನಮ್ಮ ವಿಭಾಗದ ಆಪರೇಟರ್ ಹುಡುಗ ತಲೆ ಕೆರೆದುಕೊಂಡು ಹೇಳಿದ: "ಸಾರ್, ನಮ್ಮ ವಿಂಡೋಸು ಒಂದು ಕೆಬಿಗೆ 1024 ಬೈಟಿನ ಲೆಕ್ಕ ಹಿಡಿಯುತ್ತೆ. ಅವರು 1000ದ ಲೆಕ್ಕ ಹಿಡಿದಿರಬೇಕು." ನನಗೆ ರೋಮಾಂಚನವಾಯಿತು. ನಾನು ಬರೆದಿದ್ದ ಪ್ರಸ್ತಾವನೆಯ ಮೂರನೇ ಪುಟದಲ್ಲಿ ಇದೇ ವಿಷಯ ಇದೆ! ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಸರಿ. ಆದರೆ ಯಾರ ಕೊಳಗ? ಈ ಊರಿನ ಸೇರು ಆ ಊರಿನಲ್ಲಿ ಸೇರಲ್ಲ. ಕೊಡುವಾಗ ಒಂದು ಕೊಳಗ, ತಗೊಳ್ಳುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ಸಾಹುಕಾರರ ಕತೆ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತದೆ. ಈ ರಗಳೆ ಬೇಡ ಅಂತಲೇ 1956ರಲ್ಲಿ ಕಾಯ್ದೆ ಮಾಡಿ ದೇಶಕ್ಕೆಲ್ಲ ಕಿಲೋ, ಲೀಟರು ತಂದರು. ಎಪ್ಪತ್ತು ವರ್ಷ ಆಗುತ್ತಾ ಬಂತು, ಸಾಹುಕಾರನ ಎರಡು ಕೊಳಗ ಈಗ ಸರ್ವರಿನೊಳಗೆ ಹೋಗಿ ಕೂತಿವೆ. ಇದನ್ನು ಯೋಜನೆಯಲ್ಲಿ ನಾಲ್ಕನೇ ಅಧ್ಯಾಯವಾಗಿ ಸೇರಿಸಬಹುದಿತ್ತು. ಸೇರಿಸಿದರೆ ಫೈಲು 2.06 ಆಗುತ್ತಿತ್ತು.

ಕೊನೆಗೆ ಫೋಟೋಗಳನ್ನು ಹಿಂಡಿ ಹಿಂಡಿ ಸಣ್ಣದು ಮಾಡಿದೆವು. ಈಗ ಫೈಲಿನಲ್ಲಿರುವ ಕೊಳಗ ನೋಡಿದವರು ಬಚ್ಚಲಿನ ಹಂಡೆ ಅಂದರೆ ಅವರದು ತಪ್ಪಲ್ಲ.

ಹೆಸರಿನ ಕತೆ ಹೇಳಿ ಪ್ರಯೋಜನವಿಲ್ಲ, ನಿಮ್ಮೆಲ್ಲರ ಮನೆಯಲ್ಲೂ ಆಗಿದೆ. ನಮಗೆ ಇರುವುದು ಇನಿಷಿಯಲ್ಲು. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ನಡುವೆ ಚುಕ್ಕೆ. ಫಾರಮ್ಮಿಗೆ ಬೇಕಿರುವುದು ಲಾಸ್ಟ್ ನೇಮು, ಅದು ಕಡ್ಡಾಯ, ಅದರಲ್ಲಿ ಮೂರು ಅಕ್ಷರಕ್ಕಿಂತ ಕಡಿಮೆ ಇರಕೂಡದು, ಚುಕ್ಕೆಯಂತೂ ನಿಷಿದ್ಧ. ಹೀಗಾಗಿ ತೀರಿಕೊಂಡು ಹದಿನೆಂಟು ವರ್ಷವಾದ ನಮ್ಮಪ್ಪ ಈ ಯೋಜನೆಯಲ್ಲಿ ನನ್ನ ಜೊತೆ ಇದ್ದಾರೆ. ಅರ್ಜಿಯಲ್ಲಿ "ಮಾನ್ಯ ಡಾ." ಅಂತ ಬರುವುದು ಅವರ ಹೆಸರೇ. ಬದುಕಿದ್ದಾಗ ಅವರು ಮಿಡಲ್ ಸ್ಕೂಲ್ ದಾಟಿರಲಿಲ್ಲ.

ಹುಟ್ಟಿದ ದಿನಾಂಕವನ್ನು ಟೈಪಿಸಲು ಬಿಡುವುದಿಲ್ಲ, ಕ್ಯಾಲೆಂಡರಿನಲ್ಲೇ ಆರಿಸಬೇಕು. ಕ್ಯಾಲೆಂಡರು ಇವತ್ತಿನ ತಾರೀಕಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಂದ 1971ರ ತನಕ ಒಂದೊಂದು ತಿಂಗಳಾಗಿ ಹಿಂದಕ್ಕೆ ನಡೆಯಬೇಕು, ಒಂದು ತಿಂಗಳಿಗೆ ಒಂದು ಒತ್ತು. ಆರುನೂರು ಚಿಲ್ಲರೆ ಒತ್ತು. ದಾರಿಯಲ್ಲಿ ನೋಟು ರದ್ದತಿ ಬಂತು, ಮಗ ಹುಟ್ಟಿದ್ದು ಬಂತು, ಮದುವೆ ಬಂತು (ಅಲ್ಲಿ ಸ್ವಲ್ಪ ನಿಂತೆ), 1983ರ ವಿಶ್ವಕಪ್ ಬಂತು, ತುರ್ತುಪರಿಸ್ಥಿತಿ ದಾಟಿ ಇನ್ನೇನು ಹುಟ್ಟಬೇಕು ಅನ್ನುವಷ್ಟರಲ್ಲಿ ಪರದೆ ಬೆಳ್ಳಗಾಯಿತು. "ನಿಮ್ಮ ಸೆಷನ್ ಮುಗಿದಿದೆ." ಮನುಷ್ಯನ ಆಯುಷ್ಯದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ನಿರ್ಲಿಪ್ತವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇರಲಿ. ಸಾರಾಂಶವನ್ನು ಕನ್ನಡದಲ್ಲೂ ಕೊಡಬೇಕು ಅನ್ನುವ ನಿಯಮ ಇತ್ತು. ಕನ್ನಡದ ಮೇಲೆ ಅವರಿಗಿರುವ ಪ್ರೀತಿ ನೋಡಿ ಗಂಟಲು ಕಟ್ಟಿತು. ನಮ್ಮ ಆಪರೇಟರ್ ಹುಡುಗ ಎಲ್ಲ ಕಚೇರಿಗಳಲ್ಲಿ ಮಾಡುವ ಹಾಗೆ "ನುಡಿ" ಅನ್ನುವ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಚಕಚಕ ಹೊಡೆದ. ಕಾಪಿ ಮಾಡಿ ಪೋರ್ಟಲ್ಲಿಗೆ ಅಂಟಿಸಿದರೆ, "ಅನುದಾನ" ಅನ್ನುವ ಒಂದು ಪದದೊಳಗೆ ಎರಡು ಪೌಂಡ್ ಚಿಹ್ನೆ! ತಮಾಷೆ ಅಲ್ಲ, ಬೇಕಾದರೆ ನೀವೂ ಮಾಡಿ ನೋಡಿ. ಆ ಫಾಂಟಿನಲ್ಲಿ "ನ" ಕೂತಿರುವುದೇ ಬ್ರಿಟಿಷ್ ಪೌಂಡಿನ ಮನೆಯಲ್ಲಿ. ಫಾಂಟು ತೆಗೆದರೆ ಒಳಗಿನ ಪೌಂಡು ಹೊರಗೆ ಬರುತ್ತದೆ. ನಾನು ಕೇಳಿದ್ದು ರೂಪಾಯಿ. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಉದಾರಿಗಳು ಅಂದುಕೊಂಡೆ.

ಎಲ್ಲ ಭಾಷೆಗಳ ಅಕ್ಷರಕ್ಕೂ ಅದರದೇ ಮನೆ ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ತಲೆಗೂದಲು ಉದುರುತ್ತಿದೆ. ನಮ್ಮ ಕಚೇರಿಗಳು ಮಾತ್ರ ಇನ್ನೂ ಆಸ್ಕಿಯಲ್ಲೇ ಟಿಪ್ಪಣಿ ಹಾಕುತ್ತವೆ, ಆಮೇಲೆ ಕನ್ವರ್ಟರಿಗೆ ಹಾಕಿ ತಿರುವುತ್ತವೆ. ನಾವೂ ತಿರುವಿದೆವು. ಅರ್ಕಾವತ್ತಿನ ಗತಿ ಏನಾಗುತ್ತದೆ ಅಂತ ನಿಮಗೆ ಗೊತ್ತು. "ಅರ್ಜಿ" ಹೋಗಿ "ಅಜಿರ್" ಆಯಿತು, "ವರ್ಷ" ಹೋಗಿ "ವಷರ್" ಆಯಿತು, ನಾವಿರುವ ರಾಜ್ಯ "ಕನಾರ್ಟಕ" ಆಯಿತು. ಅಜಿರ್ ಅಂದರೆ ಯಾವುದೋ ಒಣಹಣ್ಣಿನ ಹೆಸರಿನ ಹಾಗಿದೆ, ಕೇಳಲು ಪೌಷ್ಟಿಕವಾಗಿದೆ. ಒಂದೊಂದಾಗಿ ಹಿಡಿದು ರೇಫವನ್ನು ಮನೆಗೆ ಕರಕೊಂಡು ಬಂದು ಬಿಡುವುದರಲ್ಲಿ ಒಂದು ಸಂಜೆ ಹೋಯಿತು.

ಆಮೇಲೆ ಮಿತಿ. "3000 ಅಕ್ಷರಗಳು ಮೀರಬಾರದು" ಅಂತ ಬರೆದಿತ್ತು. ನಾನು ಸಾವಿರ ಅಕ್ಷರವನ್ನೂ ಮುಟ್ಟಿರಲಿಲ್ಲ, ಮೀರಿದೆ ಅಂದಿತು. ಪೋರ್ಟಲ್ಲು ಅಕ್ಷರ ಎಣಿಸುತ್ತಿರಲಿಲ್ಲ, ಬೈಟು ಎಣಿಸುತ್ತಿತ್ತು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ್ದು ಒಂದೊಂದು ಚಿಹ್ನೆಗೂ ಮೂರು ಮೂರು. ನಾವು "ಸ್ತ್ರೀ" ಅಂತ ಒಂದೇ ಉಸಿರಿಗೆ, ಒಂದೇ ಅಕ್ಷರವಾಗಿ ಬರೆಯುತ್ತೇವಲ್ಲ, ಯಂತ್ರಕ್ಕೆ ಅದು ಆರು ತುಂಡು: ಸಕಾರ, ಅದಕ್ಕೊಂದು ವಿರಾಮ, ತಕಾರ, ಅದಕ್ಕೊಂದು ವಿರಾಮ, ರಕಾರ, ಮೇಲೊಂದು ದೀರ್ಘ. ಆರು ಮೂರಲ ಹದಿನೆಂಟು ಬೈಟು. ಮಹಿಳಾ ಅಧ್ಯಯನದವರು ಕನ್ನಡದಲ್ಲಿ ಅರ್ಜಿ ಹಾಕುವ ಮೊದಲು ಪದ ಬದಲಾಯಿಸಿಕೊಳ್ಳುವುದು ಕ್ಷೇಮ. ಒತ್ತಕ್ಷರ ಬಿಟ್ಟು ಬರೆದರೆ ಇನ್ನೂ ಅಗ್ಗವಾಗುತ್ತದೆ. ನಾನು "ಸಾಂಸ್ಕೃತಿಕ" ಅನ್ನುವುದನ್ನು ಎಲ್ಲ ಕಡೆ ತೆಗೆದುಹಾಕಿದೆ. ಓದಿ ನೋಡಿದರೆ ಬರಹ ಸುಧಾರಿಸಿತ್ತು. ಈ ಒಂದು ಉಪಕಾರವನ್ನು ಒಪ್ಪಿಕೊಳ್ಳಬೇಕು.

ಇದೆಲ್ಲ ನಮ್ಮ ದೇಶದ ಕರ್ಮ ಅಂತ ಬೈದು ಕೈತೊಳೆದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ, ಅಮೆರಿಕದವರು ಇದನ್ನು ಆಗಲೇ ಮಾಡಿ ಮುಗಿಸಿದ್ದಾರೆ. ಅಲ್ಲಿನ ಫೆಡರಲ್ ಸರ್ಕಾರ 2003ರಲ್ಲಿ ಗ್ರ್ಯಾಂಟ್ಸ್ ಡಾಟ್ ಗೌ ಅಂತ ಪೋರ್ಟಲ್ ತೆರೆಯಿತು, ಎಲ್ಲ ಇಲಾಖೆಗಳ ಅನುದಾನಕ್ಕೂ ಒಂದೇ ಹೆಬ್ಬಾಗಿಲು. ಫಾರಂ ತೆರೆಯಲು ಪ್ಯೂರ್‌ಎಡ್ಜ್ ಅನ್ನುವ ತಂತ್ರಾಂಶ ಬೇಕಿತ್ತು, ಅದು ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಅಲ್ಲಿನ ವಿಜ್ಞಾನಿಗಳಲ್ಲಿ ಮ್ಯಾಕ್ ಇಟ್ಟುಕೊಂಡವರು ರಾಶಿ ರಾಶಿ. ಹೊಟ್ಟೆಯಲ್ಲಿರುವ ಪ್ರೋಟೀನನ್ನು ಕಣ್ಣಲ್ಲಿ ಕಂಡಂತೆ ವಿವರಿಸುವ ಮಹಾಶಯರು ಒಂದು ಫಾರಂ ತೆರೆಯಲಾಗದೆ ಕೂತರು. ಅವರಿಗೆ ಸಿಕ್ಕ ಪರಿಹಾರ ಏನು ಅಂದರೆ, ಎಲ್ಲೋ ದೂರದ ಸರ್ವರಿನಲ್ಲಿ ಓಡುವ ವಿಂಡೋಸಿಗೆ ಸಿಟ್ರಿಕ್ಸ್ ಅನ್ನುವ ತಂತ್ರಾಂಶದ ಮೂಲಕ ಇಣುಕಿ, ಅಲ್ಲಿ ತುಂಬಿಸಿ. ಅಂದರೆ ಪಕ್ಕದ ಮನೆಯ ಟೀವಿಯನ್ನು ಕಿಟಕಿಯಿಂದ ನೋಡಿದ ಹಾಗೆ. ಹೀಗಿರುವಾಗಲೇ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2007ರ ಫೆಬ್ರವರಿಯಿಂದ ತನ್ನ ಮುಖ್ಯ ಅನುದಾನವಾದ ಆರ್01ಕ್ಕೂ ಕಾಗದ ಬಿಟ್ಟು ಇದೇ ಹೆಬ್ಬಾಗಿಲಿನಲ್ಲಿ ಬನ್ನಿ ಅಂದಿತು. ಆಗ ಅಲ್ಲಿದ್ದ ಮಂಡ್ಯ ಕಡೆಯ ಗೆಳೆಯನೊಬ್ಬ ಅರ್ಜಿ ಹಾಕುವುದಕ್ಕೆ ಅಂತಲೇ ಸೆಕೆಂಡ್ ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡು, ಅದಕ್ಕೆ "ಕುದುರೆ ಲಾಳ" ಅಂತ ಹೆಸರಿಟ್ಟಿದ್ದ. ಯಾಕೆ ಆ ಹೆಸರು ಅಂತ ನಾನೂ ಕೇಳಲಿಲ್ಲ.

ಆಮೇಲೆ ಪ್ಯೂರ್‌ಎಡ್ಜ್ ಬಿಟ್ಟು ಅಡೋಬಿಗೆ ಬಂದರು. ಅಲ್ಲೂ ಇಂಥದೇ ಆವೃತ್ತಿ ಬೇಕಿತ್ತು. ಫಾರಂ ಕೈಯಿಂದ ಕೈಗೆ ಹೋಗುವಾಗ ನಡುವೆ ಯಾರಾದರೂ ಒಬ್ಬರು ಬೇರೆ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಿದರೆ ಮೈಲಿಗೆಯಾಗುತ್ತಿತ್ತು. 2009ರಲ್ಲಿ ಆರ್ಥಿಕ ಕುಸಿತಕ್ಕೆ ಮದ್ದು ಅಂತ ಸರ್ಕಾರ ನಿಜವಾಗಿಯೂ ಕೋಟ್ಯಂತರ ಡಾಲರ್ ಹಂಚಲು ಹೊರಟಿತು ನೋಡಿ, ಅರ್ಜಿಗಳ ನೂಕುನುಗ್ಗಲನ್ನು ಆ ಪೋರ್ಟಲ್ಲಿಗೆ ತಾಳಿಕೊಳ್ಳಲಾಗಲಿಲ್ಲ. ಶ್ವೇತಭವನದ ಬಜೆಟ್ ಕಚೇರಿಯೇ, ಅರ್ಜಿ ತಗೊಳ್ಳಲು ಬೇರೆ ದಾರಿ ನೋಡಿಕೊಳ್ಳಿ ಅಂತ ಇಲಾಖೆಗಳಿಗೆ ಬರೆಯಬೇಕಾಯಿತು. ಮದುವೆಗೆಂದು ಕಟ್ಟಿಸಿದ ಛತ್ರದಲ್ಲಿ ಮದುವೆಯ ದಿನವೇ ನೀರಿಲ್ಲ. ಅದಕ್ಕೂ ಮುಂಚೆ, 2005ರಲ್ಲಿ, ಕತ್ರಿನಾ ಚಂಡಮಾರುತದಲ್ಲಿ ಮನೆ ಕಳಕೊಂಡವರು ಪರಿಹಾರಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕಾದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬೇಕಿತ್ತು. ಮನೆಯ ಮಾಡು ಹಾರಿಹೋದರೂ ಪರವಾಗಿಲ್ಲ, ಬ್ರೌಸರು ಸರಿಯಾಗಿರಬೇಕು.

ಅಮೆರಿಕದವರು ಆ ಎಕ್ಸ್‌ಪ್ಲೋರರನ್ನು ಮರೆತೇಬಿಟ್ಟಿದ್ದಾರೆ. ಅದನ್ನು ಮಾಡಿದ ಮೈಕ್ರೋಸಾಫ್ಟೇ 2022ರ ಜೂನ್ 15ಕ್ಕೆ ಅದರ ತಿಥಿ ಮಾಡಿತು. ನಮ್ಮಲ್ಲಿ ಇನ್ನೂ ಜೀವಂತ! ಅರ್ಜಿಗೆ ಸಂಸ್ಥೆಯ ಡಿಜಿಟಲ್ ಸಹಿ ಬೇಕು. ಸಹಿ ಇರುವುದು ಪೆನ್‌ಡ್ರೈವಿನಂಥ ಒಂದು ಟೋಕನ್ನಿನಲ್ಲಿ. ಟೋಕನ್ನಿಗೆ ಜಾವಾ ಅನ್ನುವ ತಂತ್ರಾಂಶದ ಒಂದು ಹಳೆಯ ಆವೃತ್ತಿ ಬೇಕು. ಆ ಜಾವಾ ಕ್ರೋಮಿನಲ್ಲಿ ಓಡುವುದು 2015ರಲ್ಲೇ ನಿಂತಿದೆ, ಆದ್ದರಿಂದ ಎಕ್ಸ್‌ಪ್ಲೋರರೇ ಬೇಕು. ಎಕ್ಸ್‌ಪ್ಲೋರರಿಗೆ ವಿಂಡೋಸ್ 7 ಇರುವ ಒಂದು ಕಂಪ್ಯೂಟರ್ ಬೇಕು. ಅದು ಇರುವ ಕೋಣೆಗೆ ಬೀಗ, ಬೀಗದ ಕೈ ಹಣಕಾಸು ವಿಭಾಗದ ಗುಮಾಸ್ತರ ಹತ್ತಿರ, ಗುಮಾಸ್ತರು ಮಗಳ ಸೀಮಂತಕ್ಕೆ ತಿಪಟೂರಿಗೆ. ಏಳು ಸಮುದ್ರದ ಆಚೆ, ಗಿಳಿಯ ಹೊಟ್ಟೆಯಲ್ಲಿ ರಾಕ್ಷಸನ ಪ್ರಾಣ ಇದ್ದ ಕತೆಯನ್ನು ಅಜ್ಜಿ ಹೇಳುವಾಗ ಅತಿಶಯೋಕ್ತಿ ಅಂದುಕೊಂಡಿದ್ದೆ.

ಎಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ಒಂದು ಸಾಲು: ಸಲ್ಲಿಸಿದ ಅರ್ಜಿಯ ಮುದ್ರಿತ ಪ್ರತಿ ಎರಡು, ಎಲ್ಲ ಪುಟಗಳಿಗೂ ಸಹಿ ಮತ್ತು ಮೊಹರು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಲಕೋಟೆಯ ಮೇಲೆ "ಕಾಗದರಹಿತ ಅರ್ಜಿ" ಅಂತ ಬರೆಯಲು ಕೈ ತುರಿಸಿತು, ಬರೆಯಲಿಲ್ಲ. ಅನುದಾನ ಬೇಕಲ್ಲ.

ನನಗೇನೋ ಸಂಬಳ ಬರುತ್ತದೆ. ಈ ದುಡ್ಡು ಬಂದರೂ ಬರದಿದ್ದರೂ ತಿಂಗಳಾಯಿತೆಂದರೆ ನನ್ನ ಖಾತೆಗೆ ಬೀಳುವುದು ಬೀಳುತ್ತದೆ, ಆದ್ದರಿಂದಲೇ ಇಷ್ಟು ಹೊತ್ತು ನಗುತ್ತಾ ಬರೆದೆ. ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿರುವ ಒಬ್ಬ ಹುಡುಗಿ ಇದ್ದಾಳೆ. ಅವಳ ಹತ್ತಿರ ಕಂಪ್ಯೂಟರಿಲ್ಲ, ಒಂದು ಮೊಬೈಲಿದೆ, ಅದರ ಗಾಜು ಒಡೆದಿದೆ. ಫೆಲೋಶಿಪ್ಪಿನ ಫಾರಂ ಮೊಬೈಲಿನಲ್ಲಿ ಅರ್ಧ ತೆರೆಯುತ್ತದೆ, "ಸಲ್ಲಿಸಿ" ಅನ್ನುವ ಗುಂಡಿ ಪರದೆಯ ಹೊರಗೆಲ್ಲೋ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಕೊನೆಗೆ ಒಂದು ಐ, ಆಧಾರಿನಲ್ಲಿ ಎರಡು ಇ. ಯಂತ್ರದ ಪ್ರಕಾರ ಇವರಿಬ್ಬರೂ ಬೇರೆ ಬೇರೆ ಹುಡುಗಿಯರು. ತಿದ್ದಿಸಲು ಎರಡು ಸಲ ಊರಿಗೆ ಹೋದಳು. ಸಹಾಯವಾಣಿಗೆ ಮೇಲ್ ಮಾಡಿದ್ದಕ್ಕೆ ಐದು ದಿನ ಕಳೆದು ಉತ್ತರ ಬಂತು: "ದಯವಿಟ್ಟು ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಿ." ಅಷ್ಟರಲ್ಲಿ ದಿನಾಂಕ ಮುಗಿದಿತ್ತು. ಅವಳ ಸರದಿಗೆ ಯಾವ ತಾಂತ್ರಿಕ ಕಾರಣವೂ ಹುಟ್ಟಲಿಲ್ಲ, ಯಾವ ವಿಸ್ತರಣೆಯೂ ಬರಲಿಲ್ಲ. ಒಂದು ವರ್ಷ ಹೋಯಿತು. ಇದಕ್ಕೆ ಯಾರ ಮೇಲೆ ದೂರು ಕೊಡಬೇಕು? ನಿನ್ನ ಅರ್ಜಿ ಬೇಡ ಅಂತ ಯಾರೂ ಹೇಳಿಲ್ಲ. ಅವಳ ಸಂಶೋಧನೆ ಸರಿಯಿಲ್ಲ ಅಂತ ಯಾವ ಮನುಷ್ಯನೂ ಓದಿ ತಿರಸ್ಕರಿಸಿಲ್ಲ. ಓದುವ ತನಕ ಹೋಗಲೇ ಇಲ್ಲ. ಈ ಫಾರಮ್ಮುಗಳನ್ನು ಮಾಡಿಸಿದವರು, ಬಿಲ್ಲಿಗೆ ಸಹಿ ಹಾಕಿದವರು, ದೀಪ ಬೆಳಗಿಸಿ ಉದ್ಘಾಟಿಸಿದವರು, ಒಂದೇ ಒಂದು ಸಲ ತಮ್ಮ ಹೆಸರಿನಲ್ಲಿ, ತಮ್ಮ ಮೊಬೈಲಿನಲ್ಲಿ, ಕೊನೆಯ ದಿನ ರಾತ್ರಿ ಅದನ್ನು ತುಂಬಿ ನೋಡಿದ್ದಾರೆಯೇ? ನೋಡಿಲ್ಲ. ಸಾಕಾಗಿದೆ.

ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು ಒಬ್ಬನೇ ಇದನ್ನೆಲ್ಲ ಅರಗಿಸಿಕೊಂಡಿದ್ದಾನೆ. ಯಾವ ಪೋರ್ಟಲ್ಲಿಗೆ ಯಾವ ಬ್ರೌಸರು, ಯಾವ ಸೈಟು ಬೆಳಗಿನ ಜಾವ ನಾಲ್ಕಕ್ಕೆ ಚೆನ್ನಾಗಿ ಓಡುತ್ತದೆ, ಎಲ್ಲ ಗೊತ್ತು. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟು ಮೇಲೆ ಟವೆಲ್ ಹೊದಿಸಿದ್ದಾನೆ. "ಅದನ್ನ ಅಪ್‌ಡೇಟ್ ಮಾಡಕ್ಕೆ ಬಿಡಲ್ಲ ಸಾರ್. ಮಾಡಿದ್ರೆ ನಿಮ್ಮ ಯೂನಿವರ್ಸಿಟಿ ನಿಂತೋಗುತ್ತೆ."

ದಿನಾಂಕ ಮುಂದೂಡಿದ ಸುದ್ದಿ ತಿಳಿದು, ಕಳಿಸಿದ್ದು ತಲುಪಿದೆಯೋ ನೋಡೋಣ ಅಂತ ಇವತ್ತು ಅವನ ಅಂಗಡಿಯಲ್ಲೇ ಲಾಗಿನ್ ಆದೆ. ಪೋರ್ಟಲ್ಲಿಗೆ ಹೊಸ ಬಣ್ಣ ಬಳಿದಿದ್ದಾರೆ. ಮೇಲೆ ಓಡುವ ಪಟ್ಟಿಯಲ್ಲಿ ಬರುತ್ತಿತ್ತು: ಸುಧಾರಿತ ಆವೃತ್ತಿ ಜಾರಿಗೆ ಬಂದಿದೆ, ಈ ಮೊದಲು ಸಲ್ಲಿಸಿದವರು ಮತ್ತೊಮ್ಮೆ ಸಲ್ಲಿಸತಕ್ಕದ್ದು. ಅಂಗಡಿಯವನು ಕುರ್ಚಿ ಎಳೆದು ಹಾಕಿದ. "ಹುಟ್ಟಿದ ದಿನಾಂಕದಿಂದ ಶುರು ಮಾಡಿ ಸಾರ್, ಅಷ್ಟರಲ್ಲಿ ಟೀ ಹೇಳ್ತೀನಿ."