100 ಆಂಪಿಯರ್-ಅವರ್ ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ಬರುತ್ತದೆ? ಒಂದು ಸ್ಪಷ್ಟನೆ

ಕರೆಂಟ್ ಹೋದಾಗ ನೆಟ್‌ವರ್ಕ್ ಸಲಕರಣೆಗಳನ್ನು ನಡೆಸುವ ಬ್ಯಾಟರಿ ಬ್ಯಾಕಪ್ ಬಗ್ಗೆ ಒಂದು ಸುಲಭ ಲೆಕ್ಕ ಹರಿದಾಡುತ್ತಿದೆ. ಆಂಪಿಯರ್-ಅವರ್ ಎಂದರೆ ಎಷ್ಟು ಆಂಪಿಯರ್ ಕರೆಂಟ್ ಎಷ್ಟು ಗಂಟೆ ಸಿಗುತ್ತದೆ ಎಂಬುದರ ಗುಣಲಬ್ಧ; ಅದನ್ನು ವೋಲ್ಟ್‌ನಿಂದ ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್-ಅವರ್. 48 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 4,800 ವ್ಯಾಟ್-ಅವರ್. ಲೋಡ್, ಅಂದರೆ ಸಲಕರಣೆಗಳು ಎಳೆಯುವ ವಿದ್ಯುತ್, 2,000 ವ್ಯಾಟ್ ಇದ್ದರೆ 2.4 ಗಂಟೆ ಖಚಿತ, ಅಂತ. ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ಬ್ಯಾಟರಿ ಮಾತ್ರ ಹಾಗೆ ಕೆಲಸ ಮಾಡುವುದಿಲ್ಲ.

ಲೆಡ್-ಆಸಿಡ್ ಬ್ಯಾಟರಿಯ ಮೇಲಿನ 100 ಎಂಬ ಅಂಕಿ ಸಾಮಾನ್ಯವಾಗಿ 10 ಅಥವಾ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವುದು. 10 ಗಂಟೆಯ ರೇಟಿಂಗ್ ಅಂದರೆ ಗಂಟೆಗಟ್ಟಲೆ ಬರೀ 10 ಆಂಪಿಯರ್ ಎಳೆಯುವುದು. ಇಲ್ಲಿ 2,000 ವ್ಯಾಟ್‌ಗೆ 48 ವೋಲ್ಟ್‌ನಲ್ಲಿ ಎಳೆಯುತ್ತಿರುವುದು 40ಕ್ಕೂ ಜಾಸ್ತಿ! ಜೋರಾಗಿ ಎಳೆದಷ್ಟೂ ಕೈಗೆ ಸಿಗುವ ಸಾಮರ್ಥ್ಯ ಕಡಿಮೆ. ಹೊಸ ಬ್ಯಾಟರಿಯಲ್ಲೇ ಒಂದೂವರೆ ಗಂಟೆಯ ಆಸುಪಾಸು ಬರಬಹುದು, ಅಷ್ಟೇ. ಸಾಮರ್ಥ್ಯ 80 ಪ್ರತಿಶತಕ್ಕೆ ಇಳಿದರೆ ಆಯಸ್ಸು ಮುಗಿಯಿತು ಎಂದು ಎಣಿಸುವುದು ರೂಢಿ. ಆಗಲೂ ಅಷ್ಟೇ ಬ್ಯಾಕಪ್ ಬೇಕೆಂದರೆ ಮೊದಲೇ ಕಾಲು ಭಾಗ ಹೆಚ್ಚು ಸಾಮರ್ಥ್ಯ ಕೊಳ್ಳಬೇಕು. ಎಷ್ಟು ಹೊತ್ತಿಗೆ ಎಷ್ಟು ವ್ಯಾಟ್ ಎಂಬ ಪಟ್ಟಿ ತಯಾರಕರ ಡೇಟಾಶೀಟ್‌ನಲ್ಲೇ (ತಾಂತ್ರಿಕ ವಿವರದ ಹಾಳೆ) ಇರುತ್ತದೆ. ಅದನ್ನು ಬಿಟ್ಟು ಸುಮ್ನೆ ಗುಣಿಸುವುದೇಕೆ?

"ಲಿಥಿಯಂ ಹಾಕಿದರೆ ಈ ತಲೆನೋವೇ ಇಲ್ಲ" ಎಂಬ ಮಾತೂ ಜೊತೆಗೇ ಓಡಾಡುತ್ತಿದೆ. ಅರ್ಧ ನಿಜ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಜೋರು ಲೋಡ್‌ಗೆ ಅಷ್ಟಾಗಿ ಸೊರಗುವುದಿಲ್ಲ. ಆದರೆ ಹಳೆಯ ಚಾರ್ಜರ್‌ನ ವೋಲ್ಟೇಜ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಲೇಬೇಕು. ಸಾಮಾನ್ಯವಾಗಿ ಅದನ್ನು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಸಲಕರಣೆ ಇಡುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಬಿಸಿಲಿಗೆ ಸುಡುತ್ತಿದ್ದರೆ ಲೆಡ್-ಆಸಿಡ್ ಪಾಡು ಬೇರೆ: 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಸುಮಾರು ಅರ್ಧ.